ಎಡಗೈಯ ಅಳತೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಾಳೆ. ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಒಂದು ಸೀನಿಗೆ ಹೋಗಿಬಿಡುತ್ತಿತ್ತು. ನನ್ನದು ಇನ್ನೂ ಒಳಗಿನದು. ಆ ಭಾನುವಾರ ಬೆಳಿಗ್ಗೆ ಸವದತ್ತಿಯಲ್ಲಿ ಸಿದ್ಧಾರೂಢನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದಾಗ ಅದು ಮತ್ತೆ ಶುರುವಾಯಿತು. ಯಾಕೆಂದರೆ ಅವನು ನನ್ನ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೋ ಎಂದು ರಸ್ತೆಯ ಕಡೆ ನೋಡಿದ.

"ಗಾಡಿ ಯಾರದರಿ ಅಕ್ಕಾರ?"

"ನಂದು. ಹೊಡಿಯಾಕಿನೂ ನಾನ. ಮತ್ತ ನಾ ನಿಮ್ಮ ಅಕ್ಕ ಅಲ್ಲ."

ಅವನು ಸ್ಪ್ಯಾನರ್ ಕೆಳಗಿಟ್ಟು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಬಂದ ನಗುವನ್ನು ಮುಚ್ಚಿಕೊಳ್ಳಲು ಕೈಯಲ್ಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡ. ಕೆನ್ನೆಗೆ ಗ್ರೀಸು ಹತ್ತಿತು. ನಾನು ಹೇಳಲಿಲ್ಲ. ಇರಲಿ, ದಿನವೆಲ್ಲ ಹಾಗೇ ಓಡಾಡಲಿ ಎಂದುಕೊಂಡೆ.

ನಾನು ಯಾರೆಂದು ಈಗಲೇ ಹೇಳಿಬಿಡುತ್ತೇನೆ. ಹೆಸರು ತಂಗೆವ್ವ. ಅಜ್ಜಿಯ ಹೆಸರು. ಇಪ್ಪತ್ತೇಳರ ಹುಡುಗಿಗೆ ಇಂಥ ಹೆಸರೇ ಎಂದು ನಗುವವರು ನಕ್ಕು ಮುಗಿಸಲಿ. ಊರು ಮನೋಳಿಯ ಆಚೆ, ಕಾಲುವೆಯ ಪಕ್ಕ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಮ್ಮ ಮರಿಗಾಲುವೆಯ ಹನ್ನೊಂದು ಗೇಟುಗಳನ್ನು ಪಾಳಿಯ ಪ್ರಕಾರ ತೆರೆಯುವುದು, ಮುಚ್ಚುವುದು, ನೀರು ಎಷ್ಟು ಎತ್ತರ ನಿಂತಿದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ರೈತರ ನೀರಿನ ಸಂಘ ಆರು ತಿಂಗಳ ಮಟ್ಟಿಗೆ ಕೊಟ್ಟ ಕೆಲಸ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಕಾಲುವೆಯ ದಂಡೆಯ ಮೇಲೆ ಹದಿನಾಲ್ಕು ಕಿಲೋಮೀಟರ್, ಎಲ್ಲ ಎರೆ ಮಣ್ಣು. ಆ ಹಾದಿಯಲ್ಲಿ ಸ್ಕೂಟಿ ಗಾಲಿ ಹೂತು ನಿಂತುಬಿಡುತ್ತದೆ. ಅದಕ್ಕೇ ಹಳೆಯದೊಂದು ಬೈಕು ಕೊಂಡಿದ್ದೆ.

ಕಷ್ಟ ಇದ್ದದ್ದು ಎಡಗೈಯಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ ಮೇವು ಕತ್ತರಿಸುವ ಯಂತ್ರ ನನ್ನ ತೋರುಬೆರಳು ಮತ್ತು ನಡುಬೆರಳನ್ನು ಒಂದೊಂದು ಗೆಣ್ಣಿನಷ್ಟು ತಿಂದಿತ್ತು. ಕ್ಲಚ್ಚಿಗೆ ಮೊದಲು ಬೇಕಾಗುವುದು ಆ ಎರಡು ಬೆರಳೇ. ಗಾಡಿಯ ಜೊತೆ ಬಂದ ಲಿವರ್ ಎಷ್ಟು ದೂರ ಎಂದರೆ, ಅದನ್ನು ಹಿಡಿಯಲು ನಾನು ಹ್ಯಾಂಡಲಿನಿಂದ ಕೈಯನ್ನೇ ಎತ್ತಬೇಕಾಗುತ್ತಿತ್ತು. ಸಂಜೆಯ ಹೊತ್ತಿಗೆ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಸಂಘದ ಅಧ್ಯಕ್ಷರಾದ ನಿಜಗುಣಪ್ಪನವರು ಅದನ್ನು ನೋಡಿ "ಪಾಪ" ಎಂದಿದ್ದರು. ಅವರ ತಂಗಿಯ ಮಗ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ಆ ಪಾಪದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಈ ಕೆಲಸ ಹೋದರೆ ನಾನು ಮತ್ತೆ ಪಡಸಾಲೆಯಲ್ಲಿ, ಗಂಡಿನ ಕಡೆಯವರ ಮುಂದೆ, ಎಡಗೈಯನ್ನು ಸೆರಗಿನೊಳಗಿಟ್ಟುಕೊಂಡು ಕೂರಬೇಕು. ನಾಲ್ಕು ಸಲ ಕೂತಿದ್ದೆ. ನಾಲ್ಕು ಸಲವೂ ಅವ್ವ ಬಾಗಿಲ ಹಿಂದಿನಿಂದ ಕಣ್ಣಿನಲ್ಲೇ 'ಕೈ ಒಳಗಿರಲಿ' ಎಂದಿದ್ದಳು. ಹೊಲದಲ್ಲಿ, ಕಾಲುವೆಯ ಮೇಲೆ, ಗೇಟಿನ ಚಕ್ರ ತಿರುಗಿಸುವಾಗ ಮಾತ್ರ ಆ ಕೈ ಗಾಳಿ ಬಿಸಿಲು ಕಾಣುತ್ತಿತ್ತು. ಅದನ್ನು ನಾನು ಬಿಟ್ಟುಕೊಡಲು ತಯಾರಿರಲಿಲ್ಲ.

ಅದಕ್ಕೇ ಆನ್‌ಲೈನಿನಲ್ಲಿ ಹುಡುಕಿ ಅಡ್ಜಸ್ಟ್ ಮಾಡಬಹುದಾದ ಲಿವರುಗಳನ್ನು ತರಿಸಿದ್ದೆ. ಬ್ರೇಕಿಗೊಂದು, ಕ್ಲಚ್ಚಿಗೊಂದು. ಕಪ್ಪು ಬಣ್ಣ, ಬುಡದಲ್ಲಿ ಕೆಂಪು ತಿರುಪು, ಅದರ ಮೇಲೆ ಒಂದರಿಂದ ಆರರವರೆಗೆ ಅಂಕಿ. ಆರಕ್ಕೆ ಇಟ್ಟರೆ ಲಿವರ್ ಹ್ಯಾಂಡಲಿಗೆ ದೂರ, ಒಂದಕ್ಕೆ ಇಟ್ಟರೆ ಹತ್ತಿರ.

ಸಿದ್ಧಾರೂಢ ಡಬ್ಬಿ ತೆರೆದು ಅವನ್ನು ಬೆಳಕಿಗೆ ಹಿಡಿದು ನೋಡಿದ. ಹುಡುಗರು ಇವನ್ನು ಶೋಕಿಗೆ ಹಾಕಿಸಿಕೊಂಡು ಹೋಗುತ್ತಾರೆ, ಆ ತಿರುಪು ಯಾಕಿದೆ ಎಂದು ಒಬ್ಬನೂ ಕೇಳುವುದಿಲ್ಲ ಎಂದ. ನೀವು ಯಾಕೆ ಹಾಕಿಸುತ್ತೀರಿ ಎಂದು ಕೇಳಲಿಲ್ಲ. ಅದೊಂದಕ್ಕೆ ಅವನ ಬಗ್ಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬಂತು.

ಆಮೇಲೆ ಉಕ್ಕಿನ ಸ್ಕೇಲು ತಂದ. ಅಂಕಿಯನ್ನು ಅಂದಾಜಿನ ಮೇಲೆ ಇಡಬಾರದು, ಹೆಬ್ಬೆರಳಿನ ಸಂದಿನಿಂದ ಬೆರಳಿನ ಗೆಣ್ಣಿಗೆ ಎಷ್ಟು ದೂರ ಇದೆ ಎಂದು ಅಳೆದೇ ಇಡಬೇಕು ಎಂದ. ಕೈಗೆ ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡು ಬಂದ.

"ಕೈ ಕೊಡ್ರಿ."

ಕೊಟ್ಟೆ. ಬಲಗೈ. ನಮ್ಮಲ್ಲಿ ಕೈ ಕೊಡು ಎಂದರೆ ಮುಂದೆ ಬರುವುದು ಬಲಗೈಯೇ. ಎಡಗೈ ಚಾಚಿದ ಮಗುವಿನ ಬೆನ್ನಿಗೆ ಒಂದು ಬೀಳುತ್ತದೆ. ನನ್ನ ಎಡಗೈ ಅಂತೂ ದುಪಟ್ಟಾದೊಳಗೇ ಇತ್ತು. ಕ್ಲಚ್ ಇರುವುದು ಎಡಗಡೆ. ಅದು ಚೆನ್ನಾಗಿ ಗೊತ್ತಿದ್ದ ಇಬ್ಬರೇ ಆಗ ಅಲ್ಲಿ ನಿಂತಿದ್ದೆವು.

ಅವನು ತನ್ನ ಅಂಗೈಯನ್ನು ನನ್ನ ಅಂಗೈಯ ಕೆಳಗಿಟ್ಟು ಮೇಲೆ ಸ್ಕೇಲು ಇಟ್ಟ. ಬಿಸಿ ಕೈ. ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿತ್ತು. ಕಣ್ಣು ಸ್ಕೇಲಿನ ಮೇಲೆ, ರೆಪ್ಪೆ ಕೆಳಗೆ. ಉದ್ದನೆಯ ರೆಪ್ಪೆ. ಗಂಡಸಿಗೆ ಅಷ್ಟು ಉದ್ದದ ರೆಪ್ಪೆ ಯಾಕೆ ಬೇಕು ಎಂದು ಅದಕ್ಕೂ ನನಗೆ ಸಿಟ್ಟು ಬಂತು. ಒಮ್ಮೆ ಅವನ ದೃಷ್ಟಿ ನನ್ನ ದುಪಟ್ಟಾದ ಕಡೆ ಹೋಯಿತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಳತೆ ಬರೆದುಕೊಂಡ.

ಎರಡೂ ಲಿವರುಗಳನ್ನು ನಾಲ್ಕಕ್ಕೆ ಕೂಡಿಸಿದ. ನಾನು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ಬ್ರೇಕು ಹೂವು ಹಿಡಿದ ಹಾಗಿತ್ತು. ಕ್ಲಚ್ ಮೊದಲಿಗಿಂತ ಹತ್ತಿರ, ಆದರೆ ನನ್ನ ಬೆರಳಿಗೆ ಇನ್ನೂ ದೂರ. ಹೇಗಿದೆ ಎಂದು ಅವನು ಕೇಳಿದ. ತಲೆ ಸ್ವಲ್ಪ ಓರೆ ಮಾಡಿ, ಚೆನ್ನಾಗಿದೆ ಎಂದು ಕೇಳುವ ಆಸೆ ಮುಖದ ಮೇಲೆ ಹಾಗೇ ಕಾಣುವಂತೆ ನಿಂತಿದ್ದ. ಚೆನ್ನಾಗಿದೆ ಎಂದುಬಿಟ್ಟೆ. ಕೆನ್ನೆಯ ಗ್ರೀಸು ಇನ್ನೂ ಹಾಗೇ ಇತ್ತು. ಹೊರಡುವಾಗ ಅದನ್ನು ಹೇಳಿದೆ. ಅವನು ತಪ್ಪು ಕೆನ್ನೆ ಒರೆಸಿಕೊಂಡ. ಮನೋಳಿ ಬರುವವರೆಗೂ ನನಗೆ ಅದೇ ಕಣ್ಣ ಮುಂದಿತ್ತು.

ಸೋಮವಾರ, ಮಂಗಳವಾರ ಹೇಗೋ ದಾಟಿದೆ. ಮಂಗಳವಾರ ನಾನೇ ತಿರುಪನ್ನು ಒಂದಕ್ಕೆ ತಿರುಗಿಸಿ ನೋಡಿದೆ. ಲಿವರ್ ಹತ್ತಿರ ಬಂತು, ಆದರೆ ಪೂರ್ತಿ ಒತ್ತಿದರೂ ಗಾಡಿ ಮುಂದೆ ಸರಿಯುತ್ತಲೇ ಇತ್ತು. ಹೆದರಿ ಮತ್ತೆ ನಾಲ್ಕಕ್ಕೆ ತಂದೆ. ಬುಧವಾರ ಬೆಳಿಗ್ಗೆ ಆರನೇ ಗೇಟಿನ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಾಯಿತು. ಕ್ಲಚ್ಚಿಗೆ ಕೈ ಹಾಕಿದೆ. ಮೊಂಡು ಬೆರಳು ಲಿವರಿನ ಮೇಲಿಂದ ಜಾರಿತು. ಗಾಡಿ ಒಮ್ಮೆ ಹಾರಿ, ನನ್ನನ್ನೂ ಎಳೆದುಕೊಂಡು ದಂಡೆಯಿಂದ ಕೆಸರಿಗೆ ಇಳಿಯಿತು. ಮೊಣಕಾಲು ಸುಲಿಯಿತು. ಟ್ರ್ಯಾಕ್ಟರಿನ ಹಿಂದೆಯೇ ನಿಜಗುಣಪ್ಪನವರ ಜೀಪು ಇತ್ತು. ನನ್ನ ಅದೃಷ್ಟವೇ ಅಂಥದು.

ಅವರು ಇಳಿದು ಬಂದು, ಪಾಪ, ಹುಡುಗಿಗೆ ಯಾಕೆ ಈ ತ್ರಾಸು ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದರು. ಶನಿವಾರ ಸಂಘದವರೆಲ್ಲ ಕಾಲುವೆಯ ಮೇಲೆ ಸೇರಬೇಕು, ನಾನು ಅವರ ಮುಂದೆ ಹನ್ನೊಂದು ಗೇಟೂ ಸುತ್ತಿ ತೋರಿಸಬೇಕು. ಆಗದಿದ್ದರೆ ಅವತ್ತೇ ಕೆಲಸ ಬೇರೆಯವರಿಗೆ. ಬೇರೆಯವರು ಯಾರೆಂದು ಯಾರೂ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಕೆಸರು ಮೆತ್ತಿದ ಗಾಡಿಯನ್ನು ಹಾಗೇ ತಂದು ಸಿದ್ಧಾರೂಢನ ಗ್ಯಾರೇಜಿನ ನಡುವೆ ನಿಲ್ಲಿಸಿದೆ. ಬಾಯಿಗೆ ಬಂದಂತೆ ಬೈದೆ. ಎಂಥ ಮಿಸ್ತ್ರಿ ನೀವು, ನನ್ನ ಹೊಟ್ಟೆಯ ಮೇಲೆ ಹೊಡೆದಿರಿ, ಶನಿವಾರ ನನ್ನ ಕೆಲಸ ಹೋಗುತ್ತದೆ, ಆಗ ನಿಮ್ಮ ಸ್ಕೇಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಕೊಳ್ಳಿ ಎಂದೆ. ಅವನು ನನ್ನ ಮೊಣಕಾಲಿನ ಕಡೆ ನೋಡುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಆಮೇಲೆ ಅವನಿಗೂ ಸಿಟ್ಟು ಬಂತು. ಅವನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ ಎಂದು ಅವತ್ತು ಗೊತ್ತಾಯಿತು.

"ನೀವು ಬಲಗೈ ಯಾಕ ಕೊಟ್ರಿ?"

"ಕ್ಲಚ್ ಯಾವ ಕಡೆ ಇರತೈತಿ ಅಂತ ನಾ ಹೇಳಬೇಕೇನು? ಮಿಸ್ತ್ರಿ ನೀವೋ ನಾನೋ?"

"ನಾನ. ಎಡಗೈ ಕೇಳಬೇಕಾಗಿತ್ತು. ಕೇಳಲಿಲ್ಲ."

"ಯಾಕ? ಪಾಪ ಅನಿಸ್ತೇನು?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಪಾಪ ಅಲ್ಲರಿ. ಅಂಜಿಕಿ. ನೀವು ಆ ಕೈ ಮುಚ್ಚಿಕೊಂಡಿದ್ರಿ. ತೋರಸ್ರಿ ಅಂದ್ರ ನಿಮಗ ಕೆಟ್ಟ ಅನಿಸಿ ಮತ್ತ ಈ ಕಡೆ ಬರೂದ ಬಿಡತೀರಿ ಅನಿಸ್ತು."

ಆಗ ಬಂದದ್ದೂ ಸಿಟ್ಟೇ ಎಂದುಕೊಂಡು ದುಪಟ್ಟಾವನ್ನು ಹೆಗಲಿಗೆ ಎಸೆದು ಎಡಗೈಯನ್ನು ಅವನ ಮುಂದೆ ಚಾಚಿದೆ. "ಅಳೀರಿ ಈಗ" ಎಂದೆ. ಕಣ್ಣು ಕೆಂಪು ಮಾಡಿ ನಿಂತೆ.

ಅವನು ಮತ್ತೆ ಹೋಗಿ ಎರಡು ಸಲ ಕೈ ತೊಳೆದುಕೊಂಡು ಬಂದ. ಹೆಣ್ಣು ನೋಡಲು ಬಂದವರು ಯಾರಾದರೂ ಆ ಬೆರಳುಗಳನ್ನು ಕಂಡರೆ ಒಂದೋ ಕಣ್ಣು ತಪ್ಪಿಸುತ್ತಿದ್ದರು, ಇಲ್ಲವೇ ನೆಟ್ಟ ನೋಟದಿಂದ ನೋಡುತ್ತಿದ್ದರು. ಇವನು ಎರಡನ್ನೂ ಮಾಡಲಿಲ್ಲ. ಕೆಲಸದ ವಸ್ತುವನ್ನು ನೋಡುವ ಹಾಗೆ, ಹತ್ತಿರದಿಂದ, ಪುರುಸೊತ್ತಾಗಿ ನೋಡಿದ. ಒಂದೊಂದು ಬೆರಳನ್ನೂ ಬೇರೆ ಬೇರೆ ಅಳೆದ. ಎಲ್ಲಿ ನೋಯುತ್ತದೆ, ಯಾವ ಬೆರಳಿಗೆ ಬಲ ಜಾಸ್ತಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹದಿನೈದು ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ತನ್ನ ಎರಡು ಬೆರಳು ಕೊಟ್ಟು, ಇವನ್ನೇ ಕ್ಲಚ್ ಎಂದುಕೊಂಡು ಒತ್ತಿ ಎಂದ.

ಭಾನುವಾರದಿಂದ ಇದ್ದ ಸಿಟ್ಟನ್ನೆಲ್ಲ ಹಾಕಿ ಒತ್ತಿದೆ.

"ಬಲ ಐತಿ" ಎಂದ, ಹಲ್ಲು ಕಚ್ಚಿಕೊಂಡು. "ಬಿಡ್ರಿ ಇನ್ನ."

ಬಿಟ್ಟೆ. ತಕ್ಷಣ ಬಿಡಲಿಲ್ಲ, ಅದನ್ನೂ ಹೇಳುತ್ತೇನೆ. ಅವನೂ ಬೆರಳನ್ನು ಎಳೆದುಕೊಳ್ಳಲಿಲ್ಲ. ಹೊರಗೆ ರಾಮದುರ್ಗದ ಬಸ್ಸೊಂದು ಹಾರ್ನ್ ಹೊಡೆದಾಗ ಇಬ್ಬರಿಗೂ ಎಚ್ಚರವಾಯಿತು.

ಅವನು ಕ್ಲಚ್ಚಿನ ಲಿವರನ್ನು ಒಂದಕ್ಕೆ ತಂದ. ಮಂಗಳವಾರ ಹಾಗೆ ಮಾಡಿ ಹೆದರಿದ್ದನ್ನು ಹೇಳಿದೆ. ಲಿವರ್ ಹತ್ತಿರ ಬಂದಾಗ ಅದು ಎಳೆಯುವ ದೂರ ಕಡಿಮೆಯಾಗುತ್ತದೆ, ಅದಕ್ಕೆ ತಕ್ಕ ಹಾಗೆ ಕೇಬಲ್ಲಿನ ಸಡಿಲವನ್ನೂ ಬಿಗಿ ಮಾಡಬೇಕು, ಅದನ್ನು ನಿಮಗೆ ಹೇಳದೆ ಇದ್ದದ್ದು ನನ್ನ ಎರಡನೇ ತಪ್ಪು ಎಂದ. ಕೇಬಲ್ ಬಿಗಿ ಮಾಡಿದ, ನೋಡಿದ, ಮತ್ತೆ ಕೂದಲೆಳೆಯಷ್ಟು ಸಡಿಲ ಬಿಟ್ಟ. ಲಿವರ್ ಹಿಡಿದಿರುವ ಕ್ಲ್ಯಾಂಪನ್ನು ನನ್ನ ಮಣಿಕಟ್ಟು ನೆಟ್ಟಗಿರುವಂತೆ ಸ್ವಲ್ಪ ಕೆಳಗೆ ತಿರುಗಿಸಿದ. ನನ್ನನ್ನು ಗಾಡಿಯ ಮೇಲೆ ಕೂರಿಸಿ ಆರು ಸಲ ಒತ್ತಿಸಿ ನೋಡಿದ. ಏಳನೇ ಸಲ ಒತ್ತಿದಾಗ ನನ್ನ ಮೊಂಡು ಬೆರಳುಗಳು ಲಿವರನ್ನು ಪೂರ್ತಿ ಸುತ್ತಿದವು. ನನಗೆ ಅಳು ಬಂತು. ಅದಕ್ಕೂ ಅವನನ್ನೇ ಬೈದೆ.

ಶನಿವಾರ ತಾನೂ ಬಂದು ದಂಡೆಯ ಮೇಲೆ ನಿಲ್ಲುತ್ತೇನೆ ಎಂದ. ಬೇಡ ಎಂದೆ. ಮಿಸ್ತ್ರಿಯನ್ನು ಕಟ್ಟಿಕೊಂಡು ಬಂದಿದ್ದಾಳೆ ಎನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಅವನು ಆಗಲಿ ಎಂದು ತಲೆ ಆಡಿಸಿದ. ಅಷ್ಟು ಸುಲಭವಾಗಿ ಒಪ್ಪಿಕೊಂಡನಲ್ಲ ಎಂದು ದಾರಿಯುದ್ದಕ್ಕೂ ಬೇಜಾರಾಯಿತು.

ಶನಿವಾರ ಒಂಬತ್ತಕ್ಕೆ ಮೊದಲ ಗೇಟಿನ ಹತ್ತಿರ, ಬೇವಿನ ಮರದ ಕೆಳಗೆ ಸಂಘದವರು ಸೇರಿದ್ದರು. ತಂಗಿಯ ಮಗನೂ ಇದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಾನು ಹೊರಟೆ, ಹಿಂದೆ ನಾಲ್ಕು ಜನರನ್ನು ಹತ್ತಿಸಿಕೊಂಡು ನಿಜಗುಣಪ್ಪನವರ ಜೀಪು. ಆರನೇ ಗೇಟಿನ ತಿರುವಿನಲ್ಲಿ ಕ್ಲಚ್ ಒತ್ತಿದೆ, ಕೈ ಜಾರಲಿಲ್ಲ. ಎಂಟನೇ ಗೇಟಿನ ಏರಿನಲ್ಲಿ ನಡುವೆಯೇ ನಿಲ್ಲಿಸಿ ಮತ್ತೆ ಹೊರಡಬೇಕೆಂದು ನಿಜಗುಣಪ್ಪನವರು ಹೇಳಿದ್ದರು. ನಿಲ್ಲಿಸಿದೆ, ಅರ್ಧ ಕ್ಲಚ್ಚಿನಲ್ಲಿ ಹಿಡಿದೆ, ಹೊರಟೆ. ಗಾಡಿ ಒಂದು ಗೇಣೂ ಹಿಂದೆ ಸರಿಯಲಿಲ್ಲ. ಹನ್ನೊಂದು ಗೇಟು ತೆರೆದು, ಬರೆದುಕೊಂಡು, ವಾಪಸ್ಸು ಬಂದೆ.

ನಿಜಗುಣಪ್ಪನವರು ಚೆನ್ನಾಗಿ ಹೊಡೆದೆ ಎಂದರು. ಆಮೇಲೆ ನಗುತ್ತ ಇನ್ನೊಂದು ವಿಷಯ ಹೇಳಿದರು. ನಿನ್ನೆ ಸವದತ್ತಿಯ ಆ ಮಿಸ್ತ್ರಿ ಸಂಘದ ಆಫೀಸಿಗೆ ಬಂದಿದ್ದನಂತೆ. ಬುಧವಾರ ಗಾಡಿ ಬಿದ್ದದ್ದು ಹುಡುಗಿಯ ತಪ್ಪಲ್ಲ, ಎಡಗಡೆಯ ಲಿವರಿಗೆ ಬಲಗೈಯ ಅಳತೆ ತೆಗೆದುಕೊಂಡವನು ನಾನು ಎಂದು ಎಲ್ಲರ ಮುಂದೆ ಒಪ್ಪಿಕೊಂಡು ಹೋದನಂತೆ. ಮರದ ಕೆಳಗೆ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡ ಬಲ ಗೊತ್ತಿಲ್ಲದ ಮಿಸ್ತ್ರಿ ಎಂದು ಒಬ್ಬ ಹೇಳಿದ. ಇನ್ನು ಅವನ ಹತ್ತಿರ ಗಾಡಿ ಬಿಡುವವರು ಯಾರು ಎಂದು ಇನ್ನೊಬ್ಬ.

ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಗಾಡಿ ಹೊಡೆದು ತೋರಿಸಿದ್ದೆ, ತಪ್ಪು ಬೇರೆಯವನ ಹೆಸರಿಗೆ ಹೋಗಿತ್ತು, ಕೆಲಸ ನನ್ನದಾಗಿತ್ತು. ನಿಜ ಹೇಳಿದರೆ, ಬೆರಳಿಲ್ಲದ್ದನ್ನು ಮುಚ್ಚಿಡುವವಳ ಕೈಗೆ ಗೇಟು ಹೇಗೆ ಕೊಡುವುದು ಎಂದು ನಿಜಗುಣಪ್ಪನವರು ಅಲ್ಲೇ ಶುರುಮಾಡಬಹುದಿತ್ತು. ಗೊತ್ತಿತ್ತು. ಆದರೆ ಆ ನಗು ಕೇಳಿ ನನ್ನ ಮೈಯೆಲ್ಲ ಉರಿಯಿತು. ಹೊಟ್ಟೆಪಾಡಿನ ಕೆಲಸದ ಮರ್ಯಾದೆಯನ್ನೇ ಒಬ್ಬ ನನ್ನ ಸಲುವಾಗಿ ಬಿಟ್ಟುಕೊಟ್ಟಿದ್ದಾನೆ, ಇವರು ಹಲ್ಲು ಕಿಸಿಯುತ್ತಿದ್ದಾರೆ.

ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲೆ ಇಟ್ಟೆ. ಎಡಗೈ ಮೇಲೆತ್ತಿದೆ.

"ಅವರು ಕೈ ಕೊಡ್ರಿ ಅಂದಾಗ ಬಲಗೈ ಕೊಟ್ಟಾಕಿ ನಾನು. ಈ ಕೈ ಮುಚ್ಚಿ ಇಟ್ಟಾಕಿನೂ ನಾನು. ಎಲ್ಲಾರೂ ಒಮ್ಮೆ ನೋಡಿಬಿಡ್ರಿ. ಇದ ಕೈಲೆ ಹನ್ನೊಂದು ಗೇಟ್ ತಗದು ಬಂದೇನಿ. ಇನ್ನ ನಗೂದಿದ್ರ ನನಗ ನಗ್ರಿ."

ಯಾರೂ ನಗಲಿಲ್ಲ. ನಿಜಗುಣಪ್ಪನವರು ತಂಗಿಯ ಮಗನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವುದಕ್ಕೆ ಮೊದಲು ಹಿಂದಿನಿಂದ ಹಣಮಂತಪ್ಪ ಎದ್ದು ನಿಂತ. ಕಾಲುವೆಯ ಕೊನೆಯ ಗೇಟಿನ ಮುದುಕ, ಸಭೆಯಲ್ಲಿ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಹಿಂದಿನ ಮೂರು ವರ್ಷ ನನ್ನ ಹೊಲಕ್ಕ ಪಾಳಿ ನೀರು ಮುಟ್ಟಿದ್ದಿಲ್ಲ" ಎಂದ. "ಈ ವರ್ಷ ಮುಟ್ಟೈತಿ. ಆಕಿ ಕೈ ಹೆಂಗರ ಇರಲಿ."

ಅಷ್ಟೇ ಹೇಳಿ ಕೂತ. ಅವನ ಪಕ್ಕದವರು ಹೌದು ಎಂದರು, ಅವರ ಪಕ್ಕದವರೂ ಹೌದು ಎಂದರು. ನಿಜಗುಣಪ್ಪನವರು ಪುಸ್ತಕ ತೆರೆದು ಮುಂದಿನ ಪಾಳಿಗೆ ನನ್ನ ಹೆಸರು ಬರೆದರು. ತಂಗಿಯ ಮಗ ಬೈಕಿನ ಲಿವರುಗಳನ್ನು ಮುಟ್ಟಿ ನೋಡುತ್ತಿದ್ದ. ಮುಟ್ಟಬೇಡ ಎಂದೆ.

ಸೀದಾ ಸವದತ್ತಿಗೆ ಹೋದೆ. ಗ್ಯಾರೇಜಿನಲ್ಲಿ ಗಿರಾಕಿ ಯಾರೂ ಇರಲಿಲ್ಲ. ಭಾನುವಾರ ಬಾಗಿಲ ತನಕ ನಿಂತಿದ್ದ ಗಾಡಿಗಳಲ್ಲಿ ಎರಡೇ ಉಳಿದಿದ್ದವು. ಸುದ್ದಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಸಿದ್ಧಾರೂಢ ಕೆಳಗೆ ಕೂತು ಒಂದು ಎಂಜಿನ್ನಿನ ಬೋಲ್ಟು ಬಿಚ್ಚುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಏನಾಯಿತು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಕೆಲಸ ಉಳಿಯಿತು ಎಂದೆ. ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆ ಉದ್ದನೆಯ ರೆಪ್ಪೆ ಒದ್ದೆಯಾಗಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ, ಬೈಯಲು ಶುರುಮಾಡಿದೆ.

"ಯಾರು ಹೋಗಂತ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ."

"ಅರ್ಧ ತಪ್ಪು ನಂದು. ಅದನ್ನ ನನ್ನ ಕೇಳದ ಯಾಕ ತಗೊಂಡು ಹೋದ್ರಿ? ನಿಮ್ಮ ಅಂಗಡಿ ನೋಡ್ರಿ, ಹೆಂಗ ಖಾಲಿ ಹೊಡಿಯಾಕತ್ತೈತಿ. ನನಗ ಉಪಕಾರ ಮಾಡೂ ಮಂದಿ ಊರ ತುಂಬ ಅದಾರ. ಇನ್ನೊಬ್ರು ಬ್ಯಾಡಾಗಿತ್ತು."

"ಉಪಕಾರಕ್ಕ ಹ್ವಾದವ ಅಲ್ಲರಿ ನಾ" ಎಂದ. ದನಿ ಇಳಿದಿತ್ತು. ಅಂದರೆ ಅವನಿಗೂ ಸಿಟ್ಟು ಬಂದಿತ್ತು. "ನಿಮ್ಮ ಕೆಲಸ ಹೋದ್ರ ನೀವು ಗಾಡಿ ಮಾರತೀರಿ. ಗಾಡಿ ಮಾರಿದ್ರ ಇಲ್ಲಿಗೆ ಬರೂದಿಲ್ಲ. ಅದಕ್ಕ ಹೋದೆ. ಅಂಗಡಿ ಇವತ್ತಿಲ್ಲಾ ನಾಳೆ ತುಂಬತೈತಿ."

ಅವನು ಮತ್ತೆ ಕೂತು, ಬಿಚ್ಚಿದ್ದ ಬೋಲ್ಟನ್ನೇ ಮತ್ತೆ ಬಿಗಿ ಮಾಡತೊಡಗಿದ.

"ಇನ್ನೊಮ್ಮೆ ನನ್ನ ಪರವಾಗಿ ಮಾತಾಡೂದಿದ್ರ" ಎಂದೆ, "ಸಂಘಕ್ಕ ಹೋಗಬ್ಯಾಡ್ರಿ. ನಮ್ಮ ಮನಿಗೆ ಬಂದು ನಮ್ಮ ಅವ್ವನ ಮುಂದ ಮಾತಾಡ್ರಿ."

ಸ್ಪ್ಯಾನರ್ ನಿಂತಿತು. ಅವನು ತಲೆ ಎತ್ತಲಿಲ್ಲ.

"ಅವ್ವಾರ ಮುಂದ ಏನಂತ ಹೇಳಲಿರಿ?"

"ನಿಮಗ ಏನ ಬೇಕಾಗೈತಿ, ಅದನ್ನ."

"ನೀವು ಬೇಕಾಗೀರಿ."

ಎಂಜಿನ್ನಿಗೆ ಹೇಳಿದ ಹಾಗೆ ಹೇಳಿದ. ಅದನ್ನು ಮೊದಲು ನನ್ನ ಮುಂದೆ ಹೇಳಬೇಕಿತ್ತಲ್ಲ, ಒಂದು ವಾರದಿಂದ ನನ್ನ ತಲೆ ತಿನ್ನುತ್ತಿದ್ದೀರಿ ಎಂದು ಮತ್ತೆ ಬೈದೆ. ಈಗ ಹೇಳಿದೆನಲ್ಲ ಎಂದು ಅವನು ತಲೆ ಎತ್ತಿದ. ನಗುತ್ತಿದ್ದ. ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ. ನಾಳೆ ಸಂಜೆ ಏಳಕ್ಕೆ ಮನೆಯಲ್ಲಿರುತ್ತೇನೆ, ತಡ ಮಾಡಬೇಡಿ ಎಂದಷ್ಟೇ ಹೇಳಿ ಗಾಡಿ ಹತ್ತಿದೆ.

ಸಂಜೆಯ ಸುತ್ತಿಗೆ ಹೊತ್ತಾಗಿತ್ತು. ಐದಕ್ಕೆ ಹಣಮಂತಪ್ಪನ ಗೇಟು ಮುಚ್ಚಬೇಕು. ಮನೋಳಿ ದಾಟುವವರೆಗೂ ಹೆಲ್ಮೆಟ್ಟಿನೊಳಗೆ ಆ ಮಿಸ್ತ್ರಿಯನ್ನು ಹೆಸರು ಹಿಡಿದು ಜೋರಾಗಿ ಬೈಯುತ್ತಲೇ ಇದ್ದೆ, ನಗುತ್ತ.